ಆಪ್ತವಾಕ್ಯವೂ ವೃತ್ತಪತ್ರಿಕೆಯೂ

(ಪತ್ರಿಕಾ ದಿನಾಚರಣೆಯ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದು ಜುಲೈ ತಿಂಗಳ ಮೊದಲನೆಯ ದಿನ. 1843ನೆಯ ಇಸವಿಯಲ್ಲಿ ಇದೇ ದಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು 'ಮಂಗಳೂರ ಸಮಾಚಾರ'ವೆಂಬ ಕನ್ನಡದ ಮೊಟ್ಟಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಆ ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು, ಬಹುಕಾಲ ಬಾಳಲಿಲ್ಲ. ಆ ಮಹನೀಯರು ಬಂದದ್ದು ತಮ್ಮ ಮತವನ್ನು ಹೇಳಲಿಕ್ಕೆ. ಆದರೆ ಊರಿನವರಿಗೆ ಊರಾಚೆಯ ಸಂಗತಿಯೂ ತಿಳಿಯಬೇಕು, ಸರಕಾರ ಮಾಡಿದ ನಿಬಂಧನೆಗಳು ಪ್ರಜೆಗೆ ಗೊತ್ತಾಗಬೇಕು ಎಂಬ ವಿಚಾರ ಅವರ ಮನಸ್ಸಿಗೆ ಬಂತಲ್ಲ, ಅದಕ್ಕಾಗಿ ಕನ್ನಡಿಗರು ಅವರನ್ನು ನೆನೆಯತಕ್ಕದ್ದು ನ್ಯಾಯವೇ ಆಗಿದೆ.

ಇಂಥ ಸಭೆಯಲ್ಲಿ ಮಠದ ಸ್ವಾಮಿಗಳು ಏನು ಹೇಳಬಲ್ಲರು ಎಂದು ಕೆಲವರಿಗೆ ಅನಿಸಿರಬಹುದು. ಪತ್ರಿಕೆ ನಡೆಸುವ ಕಷ್ಟ ನಮಗೆ ಗೊತ್ತಿಲ್ಲ. ನಾವು ಓದಿದ್ದು ಕಾವ್ಯ, ವ್ಯಾಕರಣ, ತರ್ಕ. ಆದರೆ ಆ ತರ್ಕದಲ್ಲಿಯೇ ನಿಮಗೆ ಉಪಯೋಗವಾಗುವ ಒಂದು ಮಾತಿದೆ. ಅದನ್ನು ಹೇಳಬೇಕೆಂದೇ ಇಂದು ಕುಳಿತಿದ್ದೇವೆ.

ಮನುಷ್ಯನಿಗೆ ತಿಳಿವಳಿಕೆ ಯಾವ ದಾರಿಯಿಂದ ಬರುತ್ತದೆ? ಕಣ್ಣಾರೆ ಕಂಡರೆ ಪ್ರತ್ಯಕ್ಷ. ಹೊಗೆಯನ್ನು ನೋಡಿ ಬೆಂಕಿಯನ್ನು ಊಹಿಸಿದರೆ ಅನುಮಾನ. ಕಾಣಲಿಕ್ಕೂ ಬಾರದು, ಊಹಿಸಲಿಕ್ಕೂ ಬಾರದು ಎಂಬ ಸಂಗತಿಯನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕು. ಅದಕ್ಕೆ ಶಬ್ದಪ್ರಮಾಣವೆಂದು ಹೆಸರು. ಆದರೆ ಯಾರ ಬಾಯಿಂದ? ಎಲ್ಲರ ಮಾತೂ ಪ್ರಮಾಣವಾಗುವುದಿಲ್ಲ. ಆಪ್ತನ ಮಾತು ಮಾತ್ರ ಪ್ರಮಾಣ. ಈ ಆಪ್ತನೆಂದರೆ ಯಾರೆಂಬುದನ್ನು ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನರು ಬಹಳ ಚೆನ್ನಾಗಿ ವಿವರಿಸಿದ್ದಾರೆ. ಯಾವನು ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತಿರುವನೋ, ಅರಿತದ್ದನ್ನು ಪರರಿಗೆ ತಿಳಿಸಬೇಕೆಂಬ ಇಚ್ಛೆ ಯಾವನಿಗೆ ಇರುವುದೋ, ಮತ್ತು ಕಂಡದ್ದನ್ನು ಕಂಡಂತೆಯೇ ಯಾವನು ಹೇಳುವನೋ, ಅವನು ಆಪ್ತ. ಇಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಈ ಲಕ್ಷಣ ಋಷಿಗೂ ಅದೇ, ಆರ್ಯನಿಗೂ ಅದೇ, ಮ್ಲೇಚ್ಛನಿಗೂ ಅದೇ ಎಂದು ಸೇರಿಸಿದರು. ನೋಡಿರಿ, ಎಷ್ಟು ಹಿಂದಿನ ಕಾಲದ ಮಾತು! ಹೇಳುವವನ ಕುಲವನ್ನಾಗಲಿ ಪೀಠವನ್ನಾಗಲಿ ಅವರು ಕೇಳಲಿಲ್ಲ. ನೀನು ನೋಡಿದ್ದೆಯಾ, ನೋಡಿದಂತೆ ಹೇಳಿದೆಯಾ ಎಂದಷ್ಟೇ ಕೇಳಿದರು.

ಈಗಿನ ಪತ್ರಿಕೆಗಳಲ್ಲಿಯೂ ಆಪ್ತರೆಂಬ ಶಬ್ದ ಬಹಳ ಬರುತ್ತದೆ. 'ಮಂತ್ರಿಗಳ ಆಪ್ತ ವಲಯದಿಂದ ತಿಳಿದುಬಂದಿದೆ' ಎಂದು ಬರೆಯುತ್ತಾರೆ. ಆ ಆಪ್ತರು ಮಂತ್ರಿಗಳಿಗೆ ಆಪ್ತರು, ಓದುವವನಿಗಲ್ಲ. ತರ್ಕಶಾಸ್ತ್ರದ ಆಪ್ತನೇ ಬೇರೆ.

ಈಗ ವಿಚಾರ ಮಾಡಿರಿ. ಸರಕಾರವೆಂಬುದನ್ನು ನಮ್ಮಲ್ಲಿ ಯಾರು ಪ್ರತ್ಯಕ್ಷ ಕಂಡಿದ್ದೇವೆ? ಗ್ರಾಮ ಪಂಚಾಯತಿಯನ್ನು ಕಂಡಿರಬಹುದು, ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಕುಳಿತಿರಬಹುದು. ವಿಧಾನಸೌಧದ ಒಳಗೆ ಯಾವ ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ಬಜೆಟ್ಟಿನಲ್ಲಿ ಇಟ್ಟ ಹಣ ಎಲ್ಲಿ ಖರ್ಚಾಯಿತು, ಕಾಲುವೆಯ ಗುತ್ತಿಗೆ ಯಾರಿಗೆ ಹೋಯಿತು, ಇದನ್ನು ರೈತನು ಹೊಲ ಬಿಟ್ಟು ಹೋಗಿ ನೋಡಲಿಕ್ಕಾಗುತ್ತದೆಯೇ? ಅವನ ಪಾಲಿಗೆ ಸರಕಾರ ಶಬ್ದಪ್ರಮಾಣದಿಂದ ಮಾತ್ರ ತಿಳಿಯತಕ್ಕ ವಸ್ತು. ಹಾಗಿರುವಲ್ಲಿ ಆ ಶಬ್ದ ಕೆಟ್ಟರೆ ಅವನು ಮತ ಹಾಕುವುದು ಕತ್ತಲೆಯಲ್ಲಿ ಕೈಯಾಡಿಸಿದಂತೆ ಆಗುತ್ತದೆ. ನಮ್ಮ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯವೆಂದು ಪ್ರತ್ಯೇಕವಾಗಿ ಬರೆದಿಲ್ಲವೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. 19ನೆಯ ವಿಧಿಯಲ್ಲಿ ಇರುವುದು ನಾಗರಿಕನ ವಾಕ್‌ಸ್ವಾತಂತ್ರ್ಯ. ಸಂವಿಧಾನ ಸಭೆಯಲ್ಲಿ ಈ ಪ್ರಶ್ನೆ ಬಂದಾಗ ಡಾಕ್ಟರ್ ಅಂಬೇಡ್ಕರರು, ಸಂಪಾದಕನಿಗೆ ನಾಗರಿಕನಿಗಿಂತ ಬೇರೆಯಾದ ಹಕ್ಕು ಯಾವುದೂ ಇಲ್ಲ, ಆದುದರಿಂದ ಬೇರೆ ಹೇಳುವ ಅವಶ್ಯಕತೆಯೂ ಇಲ್ಲವೆಂಬ ಅಭಿಪ್ರಾಯ ಕೊಟ್ಟರು. 1950ರಲ್ಲಿಯೇ ಸುಪ್ರೀಂ ಕೋರ್ಟು ರಮೇಶ ಥಾಪರ್ ಮೊಕದ್ದಮೆಯಲ್ಲಿ ಪತ್ರಿಕೆಯನ್ನು ಹಂಚುವ ಸ್ವಾತಂತ್ರ್ಯವೂ ಈ ವಾಕ್‌ಸ್ವಾತಂತ್ರ್ಯದಲ್ಲಿ ಅಡಗಿದೆಯೆಂದು ತೀರ್ಮಾನಿಸಿತು. ಎಂದ ಮೇಲೆ ಪತ್ರಕರ್ತನ ಕೈಯಲ್ಲಿರುವುದು ನಮ್ಮ ನಿಮ್ಮೆಲ್ಲರ ಹಕ್ಕು. ನಾವು ಅವನಲ್ಲಿ ನ್ಯಾಸವಾಗಿ ಇಟ್ಟದ್ದು. ಇಟ್ಟವನು ಲೆಕ್ಕ ಕೇಳಿದರೆ ಇಟ್ಟುಕೊಂಡವನು ಸಿಟ್ಟಾಗಬಾರದು.

ಈ ನ್ಯಾಸವನ್ನು ಕಸಿದುಕೊಳ್ಳಲು ಆಳುವವರು ಎಲ್ಲ ಕಾಲದಲ್ಲಿಯೂ ಕೈ ಚಾಚಿದ್ದಾರೆ. 1878ರಲ್ಲಿ ಲಾರ್ಡ್ ಲಿಟ್ಟನ್ನನು ದೇಶಭಾಷೆಯ ಪತ್ರಿಕೆಗಳಿಗೆ ಮಾತ್ರ ಒಂದು ಕಾನೂನು ತಂದನು. ಇಂಗ್ಲಿಷ್ ಪತ್ರಿಕೆಗೆ ಅದು ತಾಗುತ್ತಿರಲಿಲ್ಲ. ಜನರ ಮಾತಿನಲ್ಲಿ ಬರೆದರೆ ತಾನೆ ಜನರಿಗೆ ತಿಳಿಯುವುದು! ರಿಪನ್ನನ ಕಾಲಕ್ಕೆ ಆ ಕಾನೂನು ಹೋಯಿತು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ 1908ರಲ್ಲಿ ಅಂಥದೊಂದು ವೃತ್ತಪತ್ರಿಕಾ ಕಾನೂನು ಬಂದು, ಅದಕ್ಕೆ ಒಪ್ಪದ ಕೆಲವರು ಪತ್ರಿಕೆಗಳನ್ನೇ ನಿಲ್ಲಿಸಿದರು. ಆದರೆ ಪರರ ಆಳ್ವಿಕೆಯ, ಅರಸರ ಆಳ್ವಿಕೆಯ ಮಾತನ್ನು ಬಿಡೋಣ. ನಾವೇ ಆರಿಸಿದ ಸರಕಾರ ಮಾಡಿದ್ದನ್ನು ಸ್ವಲ್ಪ ವಿಸ್ತಾರವಾಗಿ ನೆನೆಯುವುದು ಒಳ್ಳೆಯದು. ಈ ಸಭೆಯಲ್ಲಿರುವ ತರುಣರು ಆಗ ಹುಟ್ಟಿರಲಿಲ್ಲ.

1975ನೆಯ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಅದೇ ರಾತ್ರಿ ದಿಲ್ಲಿಯಲ್ಲಿ ಪತ್ರಿಕಾ ಕಚೇರಿಗಳು ಇರುವ ಬೀದಿಗೆ ವಿದ್ಯುತ್ತನ್ನು ಕಡಿದರು. ಯಂತ್ರ ತಿರುಗದಿದ್ದರೆ ಸುದ್ದಿ ಇಲ್ಲ, ಸುದ್ದಿ ಇಲ್ಲದಿದ್ದರೆ ಏನೂ ಆಗಿಲ್ಲ. ಮರುದಿನದಿಂದ ಸೆನ್ಸಾರ್ ಬಂತು. ಅಚ್ಚಿಗೆ ಮೊದಲು ಅಧಿಕಾರಿಗೆ ತೋರಿಸಬೇಕು. ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಏನೂ ಬರೆಯದೆ ಬಿಳಿಯಾಗಿ ಬಿಟ್ಟಿತು. ಓದಬಲ್ಲವನಿಗೆ ಆ ಬಿಳಿಯ ಜಾಗವೇ ಸಾಕಾಗಿತ್ತು. ಸರಕಾರಕ್ಕೂ ಓದಲಿಕ್ಕೆ ಬರುತ್ತಿತ್ತು. ಖಾಲಿ ಬಿಡಬಾರದೆಂದು ಅಪ್ಪಣೆಯಾಯಿತು! ಮಾತಾಡಬಾರದೆಂದ ರಾಜರನ್ನು ಪುರಾಣದಲ್ಲಿ ಕೇಳಿದ್ದೇವೆ, ಮೌನವಾಗಿಯೂ ಇರಬಾರದೆಂದದ್ದನ್ನು ಇತಿಹಾಸದಲ್ಲಿ ಕಾಣಬೇಕಾಯಿತು. 1976ರಲ್ಲಿ ನಾಲ್ಕು ಸುದ್ದಿ ಸಂಸ್ಥೆಗಳನ್ನು ಕೂಡಿಸಿ 'ಸಮಾಚಾರ್' ಎಂದು ಒಂದೇ ಮಾಡಿದರು. ಪ್ರೆಸ್ ಕೌನ್ಸಿಲ್ಲನ್ನು ರದ್ದು ಮಾಡಿದರು. ಲೋಕಸಭೆಯಲ್ಲಿ ನಡೆದ ಮಾತನ್ನು ಪತ್ರಿಕೆಗಳು ನಿರ್ಭಯವಾಗಿ ವರದಿ ಮಾಡಬಹುದೆಂದು 1956ರಲ್ಲಿ ಒಂದು ಕಾನೂನು ಆಗಿತ್ತು. ಅದನ್ನು ಹೋರಾಡಿ ತಂದವರು ಫಿರೋಜ್ ಗಾಂಧಿ. ಅದನ್ನೂ ತೆಗೆದುಹಾಕಿದರು. ತೆಗೆದವರು ಅವರ ಪತ್ನಿಯ ಸರಕಾರದವರೇ.

ಆ ಇಪ್ಪತ್ತೊಂದು ತಿಂಗಳು ಪತ್ರಿಕೆಗಳು ಬರುತ್ತಲೇ ಇದ್ದವು. ಆದರೆ ಓದುವವರು ಅವುಗಳಲ್ಲಿ ಸಿನಿಮಾ ಜಾಹೀರಾತು, ಪೇಟೆಯ ಧಾರಣೆ ನೋಡಿ, ರಾತ್ರಿ ಬಾಗಿಲು ಹಾಕಿಕೊಂಡು ಬಿಬಿಸಿ ರೇಡಿಯೋ ಹಚ್ಚುತ್ತಿದ್ದರು. ತನ್ನ ದೇಶದಲ್ಲಿ ಏನಾಯಿತೆಂಬುದನ್ನು ಲಂಡನ್ನಿನಿಂದ ಕೇಳುವ ಸ್ಥಿತಿ ಸ್ವತಂತ್ರ ದೇಶದವನಿಗೆ ಬಂತು. ಸಂತಾನಹರಣ ಶಸ್ತ್ರಚಿಕಿತ್ಸೆ 1976-77ನೆಯ ಒಂದೇ ಸಾಲಿನಲ್ಲಿ 80 ಲಕ್ಷಕ್ಕೂ ಮಿಕ್ಕಿ ಆದವು. ಗುರಿ ಇಷ್ಟು, ಸಾಧನೆ ಇಷ್ಟು ಎಂದು ಪತ್ರಿಕೆಯಲ್ಲಿ ಬರುತ್ತಿತ್ತು. ಉತ್ತರ ಭಾರತದ ಹಳ್ಳಿಗಳಲ್ಲಿ ಜನರನ್ನು ಬಲಾತ್ಕಾರದಿಂದ ಒಯ್ದ ಸಂಗತಿ ಬರುತ್ತಿರಲಿಲ್ಲ. ಹೀಗೆ ಪ್ರಜೆಗೆ ಸುದ್ದಿ ಇಲ್ಲದಂತಾಯಿತು ಎಂಬುದು ಎಲ್ಲರೂ ಹೇಳುವ ಮಾತು. ಆದರೆ ಪ್ರಭುವಿಗೂ ಸುದ್ದಿ ಇಲ್ಲದಂತಾಯಿತೆಂಬುದನ್ನು ಅಷ್ಟಾಗಿ ಯಾರೂ ಯೋಚಿಸುವುದಿಲ್ಲ. ತನ್ನ ಸೆನ್ಸಾರ್ ಅಧಿಕಾರಿ ಸೋಸಿ ಬಿಟ್ಟದ್ದನ್ನೇ ಪ್ರಭು ಬೆಳಿಗ್ಗೆ ಓದಿದರೆ ಅದು ಕನ್ನಡಿಯಲ್ಲಿ ಮುಖ ನೋಡಿಕೊಂಡಂತೆ, ಊರನ್ನು ನೋಡಿದಂತಲ್ಲ. 1977ರ ಜನವರಿಯಲ್ಲಿ ಚುನಾವಣೆ ಸಾರಿದರು. ಮಾರ್ಚಿಯಲ್ಲಿ ಪ್ರಧಾನಿಯವರು ತಮ್ಮ ರಾಯಬರೇಲಿ ಕ್ಷೇತ್ರದಲ್ಲಿಯೇ ಸೋತರು.

ಮಹಾಭಾರತದ ಧೃತರಾಷ್ಟ್ರನಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಆದರೂ ಅವನು ಸಂಜಯನನ್ನು ಹತ್ತಿರ ಇಟ್ಟುಕೊಂಡಿದ್ದನು. ಸಂಜಯನು ಅರಮನೆಯ ಅನ್ನ ಉಂಡವನು. ಇಂದಿನ ಮಾತಿನಲ್ಲಿ ಸರಕಾರಿ ವರದಿಗಾರ. ಹಾಗೆಂದು ಅವನು ಅರಸನಿಗೆ ಹಿತವಾದ ಸುದ್ದಿ ಹೇಳಲಿಲ್ಲ. ಹತ್ತನೆಯ ದಿನ ಯುದ್ಧಭೂಮಿಯಿಂದ ಬಂದವನೇ, ಭೀಷ್ಮರು ಬಿದ್ದರೆಂದು ಮೊದಲು ಹೇಳಿ, ಆಮೇಲೆ ಹಿಂದಿನ ಕಥೆಯನ್ನೆಲ್ಲ ವಿವರಿಸಿದನು. ನಡುನಡುವೆ, ಅರಸನೇ, ಇದೆಲ್ಲ ನಿನ್ನ ಅಪರಾಧದ ಫಲವೆಂದು ಮುಖದ ಮೇಲೆಯೇ ಅಂದನು. ಧೃತರಾಷ್ಟ್ರನ ದೋಷ ನೂರಿರಬಹುದು. ಸಂಜಯನ ಬಾಯಿಯನ್ನು ಅವನು ಕಟ್ಟಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮೇಲೆ ಫಿರೋಜ್ ಗಾಂಧಿಯವರ ಕಾನೂನು 1977ರಲ್ಲಿ ಮರಳಿ ಬಂತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಶಾಸನಸಭೆಗಳ ವರದಿಗೆ ಸಂವಿಧಾನದಲ್ಲಿಯೇ ರಕ್ಷಣೆ ಸಿಕ್ಕಿತು. ಅಲ್ಲಿ ಹಾಕಿರುವ ನಿಬಂಧನೆ ಗಮನಿಸತಕ್ಕದ್ದು: ವರದಿ ಬಹುಮಟ್ಟಿಗೆ ಸತ್ಯವಾಗಿರಬೇಕು, ದ್ವೇಷದಿಂದ ಬರೆದದ್ದಾಗಿರಬಾರದು. ವಾತ್ಸ್ಯಾಯನರ ಭಾಷ್ಯ ಎಲ್ಲಿ, ಈ ತಿದ್ದುಪಡಿ ಎಲ್ಲಿ! ಆದರೂ ಮಾತು ಹತ್ತಿರ ಹತ್ತಿರ ಬಂತು.

ಇಷ್ಟು ಹೊತ್ತು ಸರಕಾರದ ತಪ್ಪನ್ನು ಹೇಳಿದೆವು. ಪತ್ರಕರ್ತ ಮಿತ್ರರು ಸಂತೋಷದಿಂದ ತಲೆದೂಗಿದಿರಿ. ಈಗ ನಿಮ್ಮ ಕಡೆಗೆ ತಿರುಗುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಹಳ್ಳಿಯ ಭಕ್ತನು ಪತ್ರಿಕೆ ಹಿಡಿದುಕೊಂಡು ಮಠಕ್ಕೆ ಬಂದನು. ಊರ ಕೆರೆಯ ಹೂಳನ್ನು ತೆಗೆದು ರೈತರಿಗೆ ಅನುಕೂಲ ಮಾಡಿಕೊಟ್ಟರೆಂದು ಅದರಲ್ಲಿ ಅಚ್ಚಾಗಿತ್ತು. ಅವನೆಂದ: "ಅಜ್ಜಾರ, ಹೂಳು ತಗದದ್ದು ಖರೇ ಇರಬೇಕ್ರಿ. ಆದ್ರ ಕೆರ್ಯಾಗಿಂದ ತಗದಿಲ್ಲ, ಪೇಪರಿನ್ಯಾಗಿಂದ ತಗದಾರ್ರಿ." ನಾವು ನಕ್ಕೆವು, ಅವನು ನಗಲಿಲ್ಲ. ವಿಚಾರಿಸಲಾಗಿ ಆ ಬಾತ್ಮಿ ಇಲಾಖೆಯವರು ಕೊಟ್ಟ ಹೇಳಿಕೆ. ಅಕ್ಷರವೂ ಬದಲಾಗದೆ ಬಾತ್ಮೀದಾರನ ಹೆಸರಿನಲ್ಲಿ ಬಂದಿತ್ತು. ಆ ತರುಣನನ್ನು ಕರೆಸಿ ಕೇಳಿದೆವು. ಅವನು ಸುಳ್ಳುಗಾರನಲ್ಲ. ತಾಲೂಕಿನ ಬಾತ್ಮೀದಾರನಿಗೆ ತಿಂಗಳ ಪಗಾರವಿಲ್ಲ. ಅಚ್ಚಾದಷ್ಟು ಅಂಗುಲಕ್ಕೆ ಇಷ್ಟು ಎಂದು ಕೊಡುತ್ತಾರೆ. ಬಸ್ಸಿನ ಖರ್ಚು ಅವನದೇ. ಹಬ್ಬಕ್ಕೆ, ಮುಖಂಡರ ಹುಟ್ಟುಹಬ್ಬಕ್ಕೆ ಜಾಹೀರಾತು ತಂದುಕೊಟ್ಟರೆ ಕಮಿಷನ್ನು ಸಿಗುತ್ತದೆ. ಯಾವ ಗುತ್ತಿಗೆದಾರನಲ್ಲಿ ಜಾಹೀರಾತು ಬೇಡಬೇಕೋ ಅವನದೇ ಕೆಲಸದ ಮೇಲೆ ಬರೆಯಬೇಕು. ಇತ್ತ ಪತ್ರಿಕೆಯ ಮಾಲೀಕನಿಗೆ ಸರಕಾರಿ ಜಾಹೀರಾತು ನಿಂತರೆ ಕಾಗದದ ಬಿಲ್ಲು ಕಟ್ಟುವುದು ಕಷ್ಟ. ಹೀಗೆ ಒಬ್ಬರ ಕೊರಳಿಗೆ ಇನ್ನೊಬ್ಬರ ಹಗ್ಗ. ಆ ಹುಡುಗನನ್ನು ಬೈದು ಕಳಿಸಿದರೆ ಏನು ಬಂತು? ಊಟವಿಲ್ಲದವನಿಗೆ ಸತ್ಯದ ಉಪದೇಶ ಮಾಡುವುದು ಸುಲಭ. ಮಾಲೀಕರಿಗೇ ನಾವು ಹೇಳುವುದು: ನಿಮ್ಮ ಹಳ್ಳಿಯ ಬಾತ್ಮೀದಾರನಿಗೆ ಜಾಹೀರಾತಿನ ಕೆಲಸ ಹಚ್ಚಬೇಡಿರಿ. ಸಂಬಳ ಕೊಡಿರಿ. ಒಂಬತ್ತು ಮೈಲು ಹೋಗಿ ಕೆರೆ ನೋಡಿ ಬಾ ಎಂದು ಬಸ್ಸಿನ ದುಡ್ಡು ಕೊಡಿರಿ. ಸಾಕ್ಷಾತ್ತಾಗಿ ಅರಿಯುವುದೆಂಬ ಆಪ್ತಲಕ್ಷಣಕ್ಕೆ ಇಷ್ಟಾದರೂ ಖರ್ಚು ಇದೆ.

ಇದು ಬಡತನದಿಂದ ಆದ ದೋಷ. ಶ್ರೀಮಂತಿಕೆಯಿಂದ ಆದ ದೋಷ ಬೇರೆ ಇದೆ. 2009ರ ಚುನಾವಣೆಯ ಕಾಲಕ್ಕೆ ಹಣ ಪಡೆದು ಅಭ್ಯರ್ಥಿಗಳ ಹೊಗಳಿಕೆಯನ್ನು ಸುದ್ದಿಯೆಂದೇ ಅಚ್ಚು ಹಾಕಿದ ಆರೋಪ ದೇಶದ ಅನೇಕ ಕಡೆ ಬಂತು. 'ಕಾಸಿಗಾಗಿ ಸುದ್ದಿ' ಎಂಬ ಹೆಸರೇ ಹುಟ್ಟಿತು. ಪ್ರೆಸ್ ಕೌನ್ಸಿಲ್ಲು ವಿಚಾರಣೆ ಮಾಡಿ 2010ರಲ್ಲಿ ವರದಿ ಕೊಟ್ಟಿತು. 2011ರಲ್ಲಿ ಚುನಾವಣಾ ಆಯೋಗವು ಉತ್ತರ ಪ್ರದೇಶದ ಶಾಸಕರೊಬ್ಬರನ್ನು, ಇಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂಬ ಕಾರಣಕ್ಕೆ ಮೂರು ವರ್ಷ ಅನರ್ಹಗೊಳಿಸಿತು. ಕೊಟ್ಟವರಿಗೆ ಶಿಕ್ಷೆಯಾಯಿತು. ತೆಗೆದುಕೊಂಡವರಿಗೆ? ಪ್ರೆಸ್ ಕೌನ್ಸಿಲ್ಲಿಗೆ ಎಚ್ಚರಿಸುವ, ಛೀಮಾರಿ ಹಾಕುವ ಅಧಿಕಾರ ಕಾನೂನಿನಲ್ಲಿತ್ತೇ ಹೊರತು ದಂಡಿಸುವ ಅಧಿಕಾರ ಇರಲಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ದಂಡಾಧಿಕಾರವನ್ನು ಸರಕಾರದ ಕೈಗೆ ಕೊಡುವುದಂತೂ ಬೇಡ, 1975 ನೆನಪಿದೆ. ಜಾಹೀರಾತಾದರೆ ಜಾಹೀರಾತೆಂದು ಮೇಲೆ ಬರೆಯಿರಿ, ಅಷ್ಟಕ್ಕೇ ಅರ್ಧ ಪಾಪ ಕಳೆಯುತ್ತದೆ.

ಇನ್ನು ಸುಳ್ಳನ್ನೇ ಹೇಳದೆ ಮೋಸ ಮಾಡುವ ರೀತಿಯೂ ಒಂದಿದೆ. ಅದನ್ನು ಧರ್ಮರಾಯನೇ ತೋರಿಸಿಕೊಟ್ಟಿದ್ದಾನೆ. ಅಶ್ವತ್ಥಾಮನು ಸತ್ತನೆಂದು ದ್ರೋಣರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದನು. ಸತ್ತದ್ದು ಆನೆಯೆಂಬುದನ್ನು ಮೆಲ್ಲಗೆ ಅಂದನು. ಇಂದಿನ ಪತ್ರಿಕೆಯಲ್ಲಾದರೆ ಅಶ್ವತ್ಥಾಮನು ಮುಖಪುಟದ ದಪ್ಪಕ್ಷರದಲ್ಲಿ ಸಾಯುತ್ತಾನೆ, ಆನೆ ಏಳನೆಯ ಪುಟದ ಕೆಳಗೆ ಸಾಯುತ್ತದೆ. ಧರ್ಮರಾಯನ ರಥ ನೆಲಕ್ಕಿಂತ ನಾಲ್ಕಂಗುಲ ಮೇಲೆ ಚಲಿಸುತ್ತಿತ್ತಂತೆ. ಆ ಮಾತು ಆಡಿದ ಮೇಲೆ ಅದು ಉಳಿದವರ ರಥಗಳಂತೆ ಧೂಳಿಗೆ ಇಳಿಯಿತು. ಮಂತ್ರಿಯೊಬ್ಬರ ಮೇಲೆ ಆರೋಪ ಬಂದದ್ದನ್ನು ದಪ್ಪಕ್ಷರದಲ್ಲಿ ಹಾಕಿ, ಅದು ನಿಲ್ಲಲಿಲ್ಲವೆಂಬುದನ್ನು ಮೂರು ಸಾಲಿನಲ್ಲಿ ಮುಗಿಸುವವರು ಈ ಕಥೆಯನ್ನು ಓದಬೇಕು.

ಸತ್ಯವೇ ಇದ್ದರೂ ಪ್ರಮಾಣ ಕೆಟ್ಟರೆ ಹೇಗೆ ಹಾನಿಯಾಗುತ್ತದೆ ಎಂಬುದಕ್ಕೆ ಅಮೇರಿಕದ ಒಂದು ದೃಷ್ಟಾಂತ ನಮಗೆ ಬಹಳ ಹಿಡಿಸಿದೆ. 1972ರಲ್ಲಿ ವಾಟರ್‌ಗೇಟ್ ಎಂಬ ಕಟ್ಟಡದ ಕಚೇರಿಗೆ ಕಳ್ಳರು ಹೊಕ್ಕ ಪ್ರಕರಣವನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಇಬ್ಬರು ತರುಣರು ಬೆನ್ನುಹತ್ತಿದರು. 1974ರಲ್ಲಿ ಅಧ್ಯಕ್ಷ ನಿಕ್ಸನ್ನರು ರಾಜೀನಾಮೆ ಕೊಡುವ ತನಕ ಆ ಸಂಗತಿ ಬೆಳೆಯಿತು. ಇದು ಎಲ್ಲರಿಗೂ ಗೊತ್ತಿದ್ದ ಕಥೆ. ಗೊತ್ತಿಲ್ಲದ್ದು ನಡುವಿನ ಒಂದು ಪ್ರಸಂಗ. 1972ರ ಅಕ್ಟೋಬರದಲ್ಲಿ ಅವರು, ಅಧ್ಯಕ್ಷರ ಬಲಗೈಯಂತಿದ್ದ ಹಾಲ್ಡೆಮನ್ ಎಂಬವರ ಕೈಯಲ್ಲಿ ಒಂದು ಗುಪ್ತನಿಧಿ ಇತ್ತೆಂದೂ, ಇನ್ನೊಬ್ಬರು ಹಾಗೆಂದು ನ್ಯಾಯಮಂಡಲಿಯ ಮುಂದೆ ಸಾಕ್ಷಿ ಹೇಳಿದ್ದಾರೆಂದೂ ಬರೆದರು. ನಿಧಿಯ ಮಾತು ನಿಜ. ಆದರೆ ಆ ಸಾಕ್ಷಿದಾರ ಹಾಗೆ ಹೇಳಿರಲಿಲ್ಲ. ಅವನನ್ನು ಆ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ. ಅಷ್ಟು ಸಾಕಾಯಿತು. ಅಧ್ಯಕ್ಷರ ಕಡೆಯವರು ಇಡೀ ಪತ್ರಿಕೆಯನ್ನೇ ಸುಳ್ಳಿನ ಕಂತೆಯೆಂದು ಮೇಲೆ ಬಿದ್ದರು. ನಮ್ಮ ತರ್ಕದಲ್ಲಿ ಇದಕ್ಕೆ ಹೇತ್ವಾಭಾಸವೆನ್ನುತ್ತೇವೆ: ಬೆಟ್ಟದಲ್ಲಿ ಬೆಂಕಿ ಇದ್ದದ್ದು ನಿಜವೇ, ಆದರೆ ನೀನು ಹೊಗೆಯೆಂದು ತೋರಿಸಿದ್ದು ಮಂಜು. ಎದುರಾಳಿಯು ಮಂಜನ್ನು ಮಂಜೆಂದು ಸಿದ್ಧಮಾಡಿ, ಬೆಂಕಿಯೇ ಇಲ್ಲವೆಂದು ಸಭೆಯನ್ನು ನಂಬಿಸಿಬಿಡುತ್ತಾನೆ. ಪರಸ್ಪರ ಪರಿಚಯವಿಲ್ಲದ ಮೂವರು ಚಾರರು ಒಂದೇ ಮಾತು ಹೇಳಿದರೆ ಮಾತ್ರ ನಂಬತಕ್ಕದ್ದೆಂದು ಕೌಟಿಲ್ಯನು ರಾಜನಿಗೆ ಹೇಳಿದ್ದು ಇದಕ್ಕಾಗಿಯೇ. ಒಬ್ಬನ ಮಾತಿನ ಮೇಲೆ ರಾಜ್ಯವನ್ನು ನಡೆಸಬಾರದು, ಪತ್ರಿಕೆಯನ್ನೂ ನಡೆಸಬಾರದು.

ಓದುವ ನಾವೂ ನೀವೂ ಇದರಲ್ಲಿ ನಿರ್ದೋಷಿಗಳಲ್ಲ. ಎಲ್ಲರ ಕೈಯಲ್ಲಿಯೂ ಈಗ ಮೊಬೈಲಿದೆ. ಬಂದದ್ದನ್ನು ಬೆರಳಿನಿಂದ ಮುಂದೆ ತಳ್ಳುತ್ತೇವೆ. 2018ರ ಜುಲೈಯಲ್ಲಿ ನಮ್ಮ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸಾಪಿನಲ್ಲಿ ಹಬ್ಬಿದ ಗಾಳಿಮಾತನ್ನು ನಂಬಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣನನ್ನು ಜನ ಹೊಡೆದು ಕೊಂದರು. ಕಲ್ಯಾಣದ ಹತ್ತಿರದ ನೆಲ ಅದು! ಪತ್ರಿಕೆ ಸುಳ್ಳೆಂದು ಬಿಟ್ಟವನು ಸತ್ಯದ ಕಡೆಗೇ ಹೋಗುತ್ತಾನೆಂದು ತಿಳಿಯಬೇಡಿರಿ. ಅವನು ಹೆಸರಿಲ್ಲದವನ ಮಾತಿಗೆ ಹೋಗುತ್ತಾನೆ. ಪತ್ರಿಕೆಯಲ್ಲಿ ತಪ್ಪಿದ್ದರೆ ಸಂಪಾದಕನ ಹೆಸರು, ಮುದ್ರಣಾಲಯದ ವಿಳಾಸ ಕೆಳಗೆ ಇರುತ್ತದೆ, ಹೋಗಿ ಕೇಳಬಹುದು. ಗಾಳಿಮಾತಿಗೆ ಯಾವ ವಿಳಾಸ?

ಕೊನೆಗೆ ಮಠದ ಮಾತು. ಜಾತ್ರೆಯ ಬಾತ್ಮಿ ಚೆನ್ನಾಗಿ ಬರಲೆಂದು ಮಠಗಳಲ್ಲಿ ಪತ್ರಕರ್ತರಿಗೆ ಶಾಲು ಹೊದಿಸಿ ಲಕೋಟೆ ಕೊಡುವ ರೂಢಿ ಅಲ್ಲಲ್ಲಿ ಬಂದಿದೆಯೆಂದು ಕೇಳುತ್ತೇವೆ. ಲಕೋಟೆ ಕೊಟ್ಟ ಕೈ ಸರಕಾರದ್ದಾದರೇನು, ಕಾವಿಯದಾದರೇನು? ಭಂಡಾರಿ ಬಸವಣ್ಣನವರು ರಾಜ್ಯದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಬಿಜ್ಜಳನಿಗೆ ಚಾಡಿ ಮುಟ್ಟಿದ ಕಥೆ ಪುರಾಣದಲ್ಲಿ ಬರುತ್ತದೆ. ಬಸವಣ್ಣನವರು, ನನ್ನನ್ನು ಕೇಳುವವರು ನೀವಾರು ಎನ್ನಲಿಲ್ಲ. ಭಂಡಾರ ತೆರೆದು ಎಣಿಸಿಕೊಳ್ಳಿರಿ ಎಂದರು. ಎಣಿಸಲಾಗಿ ಹಣ ಕಡಿಮೆ ಇರಲಿಲ್ಲ. ನಮ್ಮ ಮಠದ ವಿದ್ಯಾಸಂಸ್ಥೆಗಳಿಗೂ ಸರಕಾರದ ಅನುದಾನ ಬರುತ್ತದೆ, ಎಂದರೆ ನಿಮ್ಮೆಲ್ಲರ ಹಣವೇ ಬರುತ್ತದೆ. ಆದುದರಿಂದ ಕಾರ್ಯದರ್ಶಿಗಳಿಗೆ ಈ ಸಭೆಯಲ್ಲಿಯೇ ಅಪ್ಪಣೆ ಕೊಡುತ್ತಿದ್ದೇವೆ: ಶಾಲೆಯ, ವಸತಿನಿಲಯದ, ದಾಸೋಹದ ಜಮಾಖರ್ಚಿನ ಪುಸ್ತಕಗಳನ್ನು ಯಾವ ಬಾತ್ಮೀದಾರರು ಬಂದು ಕೇಳಿದರೂ ತೋರಿಸತಕ್ಕದ್ದು. ಅರ್ಜಿ ಬೇಡ. ಸೋಮವಾರ ಮುಂಜಾನೆ ಹತ್ತರಿಂದ ಪುಸ್ತಕಗಳು ಕಚೇರಿಯ ಮೇಜಿನ ಮೇಲೆ ಇರುತ್ತವೆ. ಬರುವವರಿಗೆ ಪ್ರಸಾದವುಂಟು, ಶಾಲಿಲ್ಲ.